ಟೋಚಿಲಿನೈಟ್ ಭೂಮಿಯಲ್ಲೂ ಇದೆ

‘1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ ಟೋಚಿಲಿನೈಟ್ ಎಂಬ ಖನಿಜ ಇದೆ. ಭೂಮಿಯಲ್ಲಿ ಇದು ಸಿಗುವುದೇ ಇಲ್ಲ. ಒಡೆದರೆ ನೀರು ಜಿನುಗುತ್ತದೆ’ ಎಂಬ ಫಾರ್ವರ್ಡ್ ಮೆಸೇಜ್ ಓಡಾಡುತ್ತಿದೆ. ಇದರಲ್ಲಿ ಮೊದಲ ಮಾತು ಮಾತ್ರ ನಿಜ.

ಈ ಖನಿಜಕ್ಕೆ 1971ರಲ್ಲಿ ಹೆಸರಿಟ್ಟದ್ದೇ ರಷ್ಯಾದ ವೊರೊನೆಜ್ ಪ್ರದೇಶದ ಬಂಡೆಯಲ್ಲಿ ಸಿಕ್ಕ ಮಾದರಿ ನೋಡಿ. ಅಪರೂಪ ಹೌದು, ಆದರೆ ಸರ್ಪೆಂಟೈನ್ ಎಂಬ ಹಸಿರು ಖನಿಜ ತುಂಬಿದ ಬಂಡೆಗಳಲ್ಲಿ ಬೇರೆ ಕಡೆಯೂ ಸಿಕ್ಕಿದೆ.

ನೀರಿನ ಕಥೆ ಇನ್ನೂ ತಮಾಷೆ. ಕಂಚು-ಕಪ್ಪು ಬಣ್ಣದ ಈ ಮೆತ್ತನೆ ಖನಿಜ ಪದರ ಪದರವಾಗಿದೆ: ಕಬ್ಬಿಣ-ಗಂಧಕದ್ದೊಂದು, ಅದರ ಮೇಲೆ ಹೆಚ್ಚಾಗಿ ಮೆಗ್ನೀಸಿಯಂ ಹೈಡ್ರಾಕ್ಸೈಡ್‌ನದ್ದೊಂದು, ಮತ್ತೆ ಕಬ್ಬಿಣ-ಗಂಧಕ. ನೀರಿನ ಅಂಶ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಆಗಿ ಹರಳಿಗೇ ಬೆಸೆದುಕೊಂಡಿದೆ. ಕುಟ್ಟಿದರೆ ಪುಡಿಯಷ್ಟೇ. ಕಾಯಿಸಿದರೆ ಆವಿ ಬರುತ್ತದೆ, ಆದರೆ ಆಗ ಖನಿಜವೇ ಉಳಿಯುವುದಿಲ್ಲ.