ಸತ್ಯಾಂಶ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ತೆರೆದದ್ದು 1946ರಲ್ಲೇ

‘ಅಮೆರಿಕದ ವೃತ್ತಿಪರ ಆಟಗಳಲ್ಲಿ ವರ್ಣಭೇದದ ಗೋಡೆ ಮೊದಲು ಒಡೆದವರು ಬೇಸ್‌ಬಾಲ್‌ನ ಜಾಕಿ ರಾಬಿನ್ಸನ್, 1947ರಲ್ಲಿ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ರಾಬಿನ್ಸನ್ ದೊಡ್ಡವರು, ಎರಡು ಮಾತಿಲ್ಲ. ಆದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದು ಒಂದು ವರ್ಷ ಮೊದಲೇ ಆಗಿತ್ತು.

1920ರ ದಶಕದಲ್ಲಿ ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕಪ್ಪು ಆಟಗಾರರಿದ್ದರು. 1934ರಿಂದ 1945ರವರೆಗೆ ಒಬ್ಬರೂ ಇಲ್ಲ. 1946ರಲ್ಲಿ ರ್‍ಯಾಮ್ಸ್ ತಂಡ ಕ್ಲೀವ್‌ಲ್ಯಾಂಡ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂತು. ಅಲ್ಲಿನ ಕೊಲಿಸಿಯಂ ಸಾರ್ವಜನಿಕರ ದುಡ್ಡಿನ ಮೈದಾನ. ಹಾಗಿರುವಾಗ ಎಲ್ಲರಿಗೂ ಜಾಗ ಬೇಕು ಅಲ್ವಾ? ಕಪ್ಪು ಪತ್ರಕರ್ತರು ಪಟ್ಟು ಹಿಡಿದರು. ಕೆನ್ನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ತಂಡ ಸೇರಿದರು. 1939ರಲ್ಲಿ ಯುಸಿಎಲ್‌ಎ ಕಾಲೇಜು ತಂಡದಲ್ಲಿ ಇದೇ ರಾಬಿನ್ಸನ್ ಜೊತೆ ಆಡಿದವರು ಇವರು! ವಾಷಿಂಗ್ಟನ್‌ಗೆ ಆಗಲೇ 27 ವರ್ಷ, ಮೊಣಕಾಲು ಹಾಳಾಗಿತ್ತು. ಅವರ ಒಳ್ಳೆಯ ವರ್ಷಗಳು ಸುಮ್ನೆ ಕಳೆದುಹೋಗಿದ್ದವು.

ಅದೇ ವರ್ಷ ಪೈಪೋಟಿ ಲೀಗ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಕಪ್ಪು ಆಟಗಾರರಾದ ಮೇರಿಯನ್ ಮಾಟ್ಲಿ, ಬಿಲ್ ವಿಲ್ಲಿಸ್ ಬಂದರು.