ಗೆದ್ದಲು ತಿಂದ ಕೊನೆಯ ಹಾಳೆಗಳು

ಈ ಬೇಸಿಗೆಯಲ್ಲಿ ಅಪ್ಪಾಜಿಯ ಕಪಾಟಿನಿಂದ ಚಿತ್ರದುರ್ಗದ ಪತನದ ಮೇಲೆ ತ.ರಾ.ಸು. ಬರೆದ ಕಾದಂಬರಿ 'ದುರ್ಗಾಸ್ತಮಾನ' ತೆಗೆದೆ. ಕಾಲೇಜಿನ ದಿನಗಳಲ್ಲಿ ಅರ್ಧ ಓದಿ ಬಿಟ್ಟಿದ್ದೆ. ಈ ಸಲ ಹಿಡಿದವಳು ಬಿಡಲಿಲ್ಲ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಫ್ಯಾನ್ ಕೆಳಗೆ ಕೂತು, ದಿನಕ್ಕೆ ಮೂವತ್ತು ನಲವತ್ತು ಪುಟ. ಕೊನೆಗೆ ಬಂದು ನೋಡಿದರೆ ಹಾಳೆಗಳೇ ಇಲ್ಲ! ಗೆದ್ದಲು ತಿಂದು, ರಟ್ಟಿಗೆಲ್ಲ ಮಣ್ಣು ಮೆತ್ತಿತ್ತು.

"ಅದ್ರಾಗೇನೈತೆ ಬಿಡವ್ವ. ಕೋಟೆ ಬಿತ್ತು, ಮದಕರಿ ನಾಯಕನ್ನ ಹೈದರಾಲಿ ಶ್ರೀರಂಗಪಟ್ಟಣಕ್ಕೆ ಒಯ್ದ. ಎಲ್ರಿಗೂ ಗೊತ್ತಿರೋದೇ" ಅಂದರು ಅಪ್ಪಾಜಿ.

ಗೊತ್ತು. 1779 ಅನ್ನೋದು ದಾವಣಗೆರೆ, ದುರ್ಗದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕದ ಹೆಸರಲ್ಲೇ ಅಸ್ತಮಾನ ಇದೆ. ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದ ಮೇಲೂ ನಾವು ಹಾಸಿಗೆ ಪಕ್ಕ ಕೂತೇ ಇರ್ತೀವಲ್ಲ, ನಡುವೆ ಎದ್ದು ಬಂದುಬಿಟ್ಟ ಹಾಗಾಗಿತ್ತು ನನಗೆ. ಎಳೆ ಹುಡುಗ ಮದಕರಿಯನ್ನು ತಂದು ಪಟ್ಟಕ್ಕೆ ಕೂರಿಸಿದಾಗಿನಿಂದ ಜೊತೆಗಿದ್ದೆ. ಕೊನೆಗೊಂದು ಗಳಿಗೆ ಇರದೆ ಹೋದರೆ ಹೇಗೆ?

ತ.ರಾ.ಸು. ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲಿ, 1920ರಲ್ಲಿ. ಆಗ ಅದೆಲ್ಲ ಚಿತ್ರದುರ್ಗ ಜಿಲ್ಲೆ. ನಮ್ಮ ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ದುರ್ಗದ ನಾಯಕರ ಮೇಲೆ ಒಂದರ ಹಿಂದೊಂದು ಕಾದಂಬರಿ ಬರೆದವರು ಈ ಪತನದ ಕಥೆಗೆ ಬರುವ ಹೊತ್ತಿಗೆ ಅರವತ್ತು ದಾಟಿದ್ದರು. 1984ರಲ್ಲಿ ಹೋಗಿಬಿಟ್ಟರು. ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಅದರ ಮರುವರ್ಷ. ಅದನ್ನು ನೆನೆದಾಗಲೆಲ್ಲ ಸಂಕಟ ಆಗುತ್ತೆ.

ಹಾಳೆ ಹುಡುಕಿಕೊಂಡು ದುರ್ಗದ ಗೆಳತಿಯ ಮನೆಗೇ ಹೋದೆ. ಅವಳ ಪ್ರತಿಯಿಂದ ಕೊನೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿದೆವು. ಆಮೇಲೆ ಕೋಟೆ ಹತ್ತಿದೆವು. ಒಳಗೆ ಹೋಗುತ್ತಲೇ ಮದ್ದು ಅರೆಯುವ ಕಲ್ಲುಗಳಿವೆ, ನೋಡಿರ್ತೀರಿ. ಆಳವಾದ ಗುಂಡಿಯೊಳಗೆ, ಅಂಚಿಗೆ ಹಲ್ಲು ಕೆತ್ತಿದ ದೊಡ್ಡ ದೊಡ್ಡ ಬೀಸುಕಲ್ಲು. ಸ್ಕೂಲ್ ಟ್ರಿಪ್‌ನಲ್ಲಿ ಅವು ಸುಮ್ನೆ ಕಲ್ಲು. ಈಗ ಕಂಬಿ ಹಿಡಿದು ನಿಂತವಳಿಗೆ ಮದಕರಿಯ ಬದುಕೇ ಕಾಣಿಸಿತು. ಒಮ್ಮೆ ಹೈದರನ ಕಡೆ, ಒಮ್ಮೆ ಮರಾಠರ ಕಡೆ. ಯಾರ ಜೊತೆ ಸೇರಿದರೂ ಇನ್ನೊಬ್ಬನಿಗೆ ಸಿಟ್ಟು. ಕಲ್ಲಿನ ಬಾಯಿಗೆ ಸಿಕ್ಕ ಕಾಳಿನ ಹಾಗೆ. ಶೌರ್ಯದ ಡೈಲಾಗು ಎಲ್ಲರೂ ಹೇಳ್ತಾರೆ. ಈ ಇಕ್ಕಟ್ಟನ್ನು ಇಷ್ಟು ಸಾವಧಾನವಾಗಿ ಹೇಳಿದ್ದು ತ.ರಾ.ಸು. ಅವರ ದೊಡ್ಡತನ ಅಂತ ನನಗನ್ನಿಸುತ್ತೆ.

ಅದಾದ ಮೇಲೆ ಭೈರಪ್ಪನವರ 'ಗೃಹಭಂಗ', ಎರಡನೇ ಸಲ. ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಪ್ಲೇಗಿಗೆ ಹೋಗುವ ಪುಟಗಳು ಹತ್ತಿರ ಬರುತ್ತಿದ್ದಂತೆ ಪುಸ್ತಕ ಮುಚ್ಚಿಟ್ಟು ಅಕ್ಕಿ ಆರಿಸಲು ಕೂತುಬಿಟ್ಟೆ. ಮತ್ತೆ ತೆರೆಯಲು ಎರಡು ದಿನ ಬೇಕಾಯಿತು. ಮೊದಲ ಸಲ ಬರೀ ಸಾವು ಕಂಡಿದ್ದವು. ಈ ಸಲ ನಂಜಮ್ಮನ ಕೈ ಕಂಡಿತು. ಗಂಡ ಮಾಡಬೇಕಾದ ಶಾನುಭೋಗಿಕೆ ಲೆಕ್ಕ ಬರೆಯುವ ಕೈ, ಮುತ್ತುಗದ ಎಲೆ ಹಚ್ಚುವ ಕೈ. ಏನಾಗುತ್ತೆ ಅನ್ನೋ ಗಾಬರಿ ಇಲ್ಲದಿದ್ದರೆ ಇಂಥದ್ದೆಲ್ಲ ಕಣ್ಣಿಗೆ ಬೀಳುತ್ತೆ. ಒಂದು ತಕರಾರು ಮಾತ್ರ ಇದೆ. ಅತ್ತೆ ಗಂಗಮ್ಮನಿಗೂ ಗಂಡ ಚೆನ್ನಿಗರಾಯನಿಗೂ ಭೈರಪ್ಪನವರು ಒಂದು ತುತ್ತು ಒಳ್ಳೆತನವನ್ನಾದರೂ ಕೊಡಬಹುದಿತ್ತು. ಅಷ್ಟು ಪುಟ ಜೊತೆಗಿದ್ದೂ ಅವರು ನನಗೆ ಹತ್ತಿರವಾಗಲಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿಸಿದ್ದು ಅಕ್ಕನ ಮಗ. ಒಂದೇ ಸಂಜೆಗೆ ಮುಗಿಯಿತು. ಕಥೆ ಹೇಳುವವನ ಹೆಂಡತಿ ಅನಿತಾಳಿಗೆ ಏನಾಯಿತು ಅಂತ ಕೊನೆಯವರೆಗೂ ಹೇಳುವುದೇ ಇಲ್ಲ. ಹಾಳೆ ತಿರುಗಿಸಿ ಖಾಲಿ ಪುಟವನ್ನೂ ನೋಡಿದೆ. ಇಲ್ಲಿ ಗೆದ್ದಲು ತಿಂದಿಲ್ಲ, ಬರೆದವರೇ ನಿಲ್ಲಿಸಿದ್ದಾರೆ. ಹಳೇ ಮನೆಯ ಇರುವೆಗಳನ್ನು ಹೊಸಕಿ ಹಾಕುವವರ ಕಥೆ ಅಷ್ಟು ಹೊತ್ತು ಓದಿದ ಮೇಲೆ ಹೇಳುವ ಅಗತ್ಯವೂ ಇರಲಿಲ್ಲ ಅಲ್ವಾ?

"ಚಿಕ್ಕಮ್ಮ, ಕೊನೆ ಗೊತ್ತಿದ್ರೂ ದುರ್ಗಾಸ್ತಮಾನ ಯಾಕೆ ಓದ್ತೀಯ?" ಅಂತ ಅವನೇ ಕೇಳಿದ. ಈಗೆಲ್ಲ ಕೊನೆ ಹೇಳಿಬಿಟ್ಟರೆ ಪುಸ್ತಕವೇ ಹಾಳಾಯಿತು ಅಂತ ಜಗಳಕ್ಕೇ ಬರ್ತಾರೆ. ನಾನು ಮಾತಾಡಲಿಲ್ಲ. ಆ ಜೆರಾಕ್ಸ್ ಹಾಳೆಗಳನ್ನು ಅವನ ಮುಂದೆಯೇ ಗಟ್ಟಿಯಾಗಿ ಓದಿದೆ. ನಡುವೆ ಎರಡು ಸಲ ಗಂಟಲು ಕಟ್ಟಿತು. ಹುಡುಗ ಮೊಬೈಲ್ ಮುಟ್ಟಲಿಲ್ಲ.

ಒಳಗಿನಿಂದ ಅಪ್ಪಾಜಿ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದು ನಾನು ಗಮನಿಸಿರಲಿಲ್ಲ. ಓದಿ ಮುಗಿಸಿದ ಮೇಲೆ, "ಒಂಚೂರು ಮೈದಾ ಅಂಟು ಕಾಯಿಸಿ ಕೊಡವ್ವ" ಅಂದರು. ರಟ್ಟಿನ ಮಣ್ಣನ್ನೆಲ್ಲ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಹಾಳೆಯ ಅಂಚಿಗೆ ಬೆರಳಲ್ಲಿ ಅಂಟು ಸವರಿ, ಸಂಜೆವರೆಗೂ ಕೂತು ಅಂಟಿಸಿದರು. ರಾತ್ರಿಯೆಲ್ಲ ಅದರ ಮೇಲೆ ಕುಟ್ಟಾಣಿ ಇಟ್ಟಿದ್ದೆವು. ಜೆರಾಕ್ಸ್ ಹಾಳೆ ದಪ್ಪ. ಈಗ ಪುಸ್ತಕ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.