ಊದುಗೊಳವೆಗೆ ಎರಡು ಮೋಟಾರು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ನಮ್ಮ ಮನೆಯಲ್ಲಿ ಒಂದು ಪೆಲೆಟ್ ಒಲೆ ಇದೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳೇ ಅದರ ಉರುವಲು. 18 ಕಿಲೋ ಚೀಲಗಳಲ್ಲಿ ಬರುತ್ತವೆ. ಸಾಗರದಲ್ಲಿರುವ ಅಮ್ಮ ವಿಡಿಯೊ ಕರೆಯಲ್ಲಿ ಅವನ್ನು ಮೊದಲ ಸಲ ನೋಡಿದಾಗ, "ಹಿಂಡಿ ತಂದಿದ್ದೀಯಲ್ಲ, ಹಸು ಯಾವಾಗ ಕಟ್ಟಿದೆಯೋ?" ಎಂದು ಕೇಳಿದ್ದಳು.

ಒಲೆಗೆ ಎರಡು ಫ್ಯಾನು. ಒಂದು ಹೊಗೆಯನ್ನು ಎಳೆದು ಹೊರಹಾಕುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ. ಎರಡಕ್ಕೂ ಕರೆಂಟು ಬೇಕು. ಕರೆಂಟು ಹೋದರೆ ಬೆಂಕಿಯೂ ಹೋಗುವ ಒಲೆ ಎಂದರೆ ಅಮ್ಮನಿಗೆ ಇಂದಿಗೂ ನಗು.

ಜನವರಿಯ ಒಂದು ರಾತ್ರಿ, ಹೊರಗೆ ಮೈನಸ್ 18 ಡಿಗ್ರಿ ಇರುವಾಗ, ಒಲೆ ಉಪವಾಸ ಕುಳಿತಿತು. ಫ್ಯಾನು ತಿರುಗುತ್ತಿದೆ, ಗುಳಿಗೆ ಬೀಳುತ್ತಿಲ್ಲ. ಹೊಗೆ ಎಳೆಯುವ ಮೋಟಾರು ಸೊರಗಿದೆ ಎಂದು ನಾನೇ ತೀರ್ಪು ಕೊಟ್ಟು, ಒಲೆ ಆರಿದ ಮೇಲೆ ಪ್ಲಗ್ ಕಿತ್ತು ಬಿಚ್ಚಿದೆ. ಅಲಗುಗಳ ನಡುವೆ ಬೂದಿ ಗೋಡೆಗೆ ತಟ್ಟಿದ ಬೆರಣಿಯಂತೆ ಅಂಟಿಕೊಂಡಿತ್ತು. ಒಂದು ಬ್ರಷ್ ಸಾಕಿತ್ತು. ನಾನು ಕಾರ್ಪೆಟ್ಟಿನ ವ್ಯಾಕ್ಯೂಮ್ ಹಚ್ಚಿದೆ. ಟಾಲ್ಕಂ ಪುಡಿಯಂತಹ ಆ ಬೂದಿಯನ್ನು ಅದರ ಚೀಲ ತಡೆಯುವುದುಂಟೇ? ಮುಂದಿನಿಂದ ಒಳಹೋದದ್ದು ಹಿಂದಿನಿಂದ ಹೊರಬಂದು ಸೋಫಾ, ಟಿವಿ, ತೆರೆದಿಟ್ಟ ಮೊಸರು, ಹೆಂಡತಿ, ಎಲ್ಲರಿಗೂ ಭಸ್ಮಧಾರಣೆಯಾಯಿತು. ಹೆಂಡತಿ ಮಾತಾಡಲಿಲ್ಲ. ಶಾಲು ಕೊಡವಿಕೊಂಡು ಮಹಡಿ ಹತ್ತಿದಳು.

ಮತ್ತೆ ಜೋಡಿಸಿದೆ. ಮೋಟಾರು ತಿರುಗಿತು, ಗುಳಿಗೆ ಬೀಳಲಿಲ್ಲ. ಹೊಸ ಮೋಟಾರು ತರಿಸಿ ಕೂರಿಸಿದೆ. ಆಗಲೂ ಇಲ್ಲ. ಎಲ್ಲರೂ ವಿದ್ಯುತ್ ಹೀಟರಿನ ಮುಂದೆ ಮುದುಡಿ ಕುಳಿತ ನಾಲ್ಕನೆಯ ದಿನ ನನ್ನ ಕೈಗೆ ಸಿಕ್ಕಿದ್ದು ಕಿರುಬೆರಳಿನಷ್ಟೂ ದಪ್ಪವಿಲ್ಲದ ಒಂದು ರಬ್ಬರ್ ನಳಿಕೆ. ಒಲೆಯೊಳಗೆ ಗಾಳಿಯ ಎಳೆತ ಸರಿಯಾಗಿದೆಯೆಂದು ಒಂದು ಸ್ವಿಚ್ಚಿಗೆ ತಿಳಿಸುವುದು ಅದರ ಕೆಲಸ. ಸುದ್ದಿ ಬಾರದಿದ್ದರೆ ಸ್ವಿಚ್ಚು ಉರುವಲನ್ನೇ ನಿಲ್ಲಿಸಿಬಿಡುತ್ತದೆ. ಬಾಯಿ ತುಂಬ ಬೂದಿ ಕಟ್ಟಿಕೊಂಡ ನಳಿಕೆ ಏನು ತಾನೆ ಹೇಳೀತು?

ಎರಡೂ ಕಡೆ ಬಿಡಿಸಿಕೊಂಡು, ಒಲೆಯ ಮುಂದೆ ಮಂಡಿಯೂರಿ, ಕೆನ್ನೆ ಉಬ್ಬಿಸಿ ಊದಿದೆ. ಅದೇ ಹೊತ್ತಿಗೆ ಅಮ್ಮನ ಕರೆ. ಮಗಳು ಫೋನನ್ನು ನನ್ನತ್ತ ತಿರುಗಿಸಿದಳು. ಬಚ್ಚಲೊಲೆಯ ಮುಂದೆ ಕಬ್ಬಿಣದ ಊದುಗೊಳವೆ ಹಿಡಿದು ಅರ್ಧ ಆಯುಷ್ಯ ಕಳೆದವಳು ಒಂದು ಕ್ಷಣ ಸುಮ್ಮನೆ ನೋಡಿದಳು.

"ಸ್ವಲ್ಪ ಓರೆ ಮಾಡಿ ಹಿಡಿಯೋ, ಕಣ್ಣಿಗೆ ಬೂದಿ ಹಾರುತ್ತದೆ" ಎಂದಳು.